ಪಗಾರ ಏರಿದರೆ ಸುಖ ಏರುತ್ತದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ 22 ವರ್ಷ ಪಗಾರದ ಲೆಕ್ಕ ಬರೆದವನು ನಾನು. ಹಾಜರಿ ಪುಸ್ತಕ, ಮುಂಗಡದ ಪುಸ್ತಕ, ಶನಿವಾರದ ಬಟವಾಡೆ ಎಲ್ಲ ನನ್ನ ಕೈಯಲ್ಲೇ ಇತ್ತು. ಕೆಲಸ ಬಿಟ್ಟ ಮೇಲೆ ಕೂಲಿ ಮತ್ತು ಸುಖದ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟ ಹತ್ತಿತು. ಹೀಗಾಗಿ ದವಸದ ಪೇಟೆ ಗಂಜ್‌ನ ಚಹಾದಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಪತ್ರಗಳಲ್ಲಿ ಜನ ಕೇಳಿದ್ದನ್ನೇ ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಬೈದವರ ಬೈಗುಳ ಮಾತ್ರ ತೆಗೆದಿದ್ದೇನೆ.

## ಮೊದಲ ಮಾತು

ರೊಕ್ಕ ಇದ್ರ ಸುಖ ಅದ ಅಂತೀರೇನ್ರಿ?

ಹೌದು, ಅಂತೀನಿ. ಇದನ್ನು ಅಳೆಯುವವರು ಸಾಮಾನ್ಯವಾಗಿ ಒಂದು ಏಣಿಯ ಲೆಕ್ಕ ಕೇಳುತ್ತಾರೆ. ಏಣಿಗೆ 0ಯಿಂದ 10ರ ತನಕ ಮೆಟ್ಟಿಲು. ಕೆಳಗಿನದು ಅತಿ ಕೆಟ್ಟ ಬದುಕು, ಮೇಲಿನದು ಅತಿ ಒಳ್ಳೆಯ ಬದುಕು. ನೀವು ಎಲ್ಲಿ ನಿಂತಿದ್ದೀರಿ? ಒಂದೇ ದೇಶದೊಳಗೆ ಕೇಳಿದರೆ, ಜಾಸ್ತಿ ಗಳಿಸುವವರು ಸರಾಸರಿಯಲ್ಲಿ ಮೇಲಿನ ಮೆಟ್ಟಿಲು ತೋರಿಸುತ್ತಾರೆ. ಸರಾಸರಿ ಅಂದೆ, ನೆನಪಿರಲಿ. ಬಂಗಲೆಯಲ್ಲಿ ಅಳುವವರೂ ಇದ್ದಾರೆ, ಪತ್ರಾಸ್ ಮನೆಯಲ್ಲಿ ನಗುವವರೂ ಇದ್ದಾರೆ.

ಹಂಗಿದ್ರ "ರೊಕ್ಕದಾಗ ಸುಖ ಇಲ್ಲ" ಅಂತ ಹಿರಿಯರು ಯಾಕ ಹೇಳ್ಯಾರ?

ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದನ್ನು ನೋಡಿ. ನನ್ನ ಅನುಭವದಲ್ಲಿ ಈ ಮಾತು ಜಾಸ್ತಿ ಕೇಳಿಸಿದ್ದು ಪಗಾರ ಕೇಳಲು ಹೋದಾಗ. ಕೊಡುವವರ ಬಾಯಿಂದ.

ನಮ್ಮ ಕಡೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಕಲ್ಯಾಣದಲ್ಲಿ ಅಂಗಳಕ್ಕೆ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಇಷ್ಟು ನಮಗೆ ಬೇಡ, ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ವಾಪಸ್ ಕಳಿಸಿದಳು. ಈ ಕಥೆಯನ್ನು ಕೂಲಿಯವರಿಗೆ ಬುದ್ಧಿ ಹೇಳಲು ಬಳಸುವುದನ್ನು ನಾನು ಕೇಳಿದ್ದೇನೆ. ಅದು ಕಥೆಯನ್ನು ತಿರುಗಾಮುರುಗಾ ಮಾಡಿದ ಹಾಗೆ. ಸಾಕು ಅಂದವಳು ಲಕ್ಕಮ್ಮ. ಅಕ್ಕಿಯ ಮನೆಯವರು ಬಂದು "ನಿನಗೆ ಇಷ್ಟೇ ಸಾಕು" ಅನ್ನಲಿಲ್ಲ.

ದಿನಗೂಲಿ 50 ರೂಪಾಯಿ ಏರಿದ್ರ ಏನ್ ಮಹಾ ಆಗ್ತದ?

ಯಾರಿಗೆ ಏರಿತು ಅನ್ನುವುದರ ಮೇಲೆ ನಿಂತಿದೆ. ಸುಖದ ಲೆಕ್ಕ ರೂಪಾಯಿಯಲ್ಲಿ ನಡೆಯುವುದಿಲ್ಲ, ಪಾಲಿನಲ್ಲಿ ನಡೆಯುತ್ತದೆ. 400 ರೂಪಾಯಿ ಕೂಲಿಯವನಿಗೆ 50 ಏರಿದರೆ ಎಂಟರಲ್ಲಿ ಒಂದು ಪಾಲು ಏರಿದ ಹಾಗೆ. ತಿಂಗಳಿಗೆ 80,000 ಪಗಾರ ಇರುವವನಿಗೆ ಅಷ್ಟೇ ಹಿಗ್ಗು ಬರಬೇಕಾದರೆ 10,000 ಏರಬೇಕು. ಸುಖದ ಸಮೀಕ್ಷೆಗಳಲ್ಲಿ ಸುಮಾರಾಗಿ ಇದೇ ಗೆರೆ ಮತ್ತೆ ಮತ್ತೆ ಕಾಣುತ್ತದೆ. ಅದಕ್ಕೇ ಪಗಾರ ಏರಿಸಲು ಇರುವ ದುಡ್ಡು ಕಡಿಮೆ ಆದಾಗ ಅದನ್ನು ಕೆಳಗಿನವರಿಗೆ ಮೊದಲು ಕೊಡಿ ಅಂತ ನಾನು ಹೇಳುವುದು. ಅದೇ ದುಡ್ಡಿಗೆ ಅಲ್ಲಿ ಜಾಸ್ತಿ ಸುಖ ಸಿಗುತ್ತದೆ.

ಕಲಬುರಗಿಯ ಮಟ್ಟಿಗೆ ಇದು ಸುಮ್ನೆ ಮಾತಲ್ಲ. ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ, ಶಹಾಬಾದಿನ ಪರಸಿ ಕಲ್ಲು ಊರೂರಿಗೆ ಹೋಗುತ್ತದೆ. ಆದರೂ ರಾಜ್ಯದ ಆರ್ಥಿಕ ಸಮೀಕ್ಷೆ ತೆಗೆದು ನೋಡಿದರೆ ತಲಾ ಆದಾಯದಲ್ಲಿ ನಮ್ಮ ಜಿಲ್ಲೆ ತಳದಲ್ಲೇ ಇರುತ್ತದೆ.

ಒಟ್ಟು ಎಷ್ಟು ಪಗಾರ ಇದ್ರೆ ಸಾಕು? ಒಂದು ನಂಬರ್ ಹೇಳಿ.

ನಂಬರ್ ಹೇಳಿದವರೂ ಇದ್ದರು. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ನಾಲ್ಕೂವರೆ ಲಕ್ಷ ಉತ್ತರಗಳನ್ನು ನೋಡಿದರು. ವರ್ಷಕ್ಕೆ ಸುಮಾರು 75,000 ಡಾಲರ್ ಆದ ಮೇಲೆ ದಿನದಿನದ ಖುಷಿ ಏರುವುದಿಲ್ಲ ಅಂದರು. ಬದುಕಿನ ಬಗ್ಗೆ ತೃಪ್ತಿ ಮಾತ್ರ ಏರುತ್ತಲೇ ಇತ್ತು. ಜನ ಮೊದಲ ಅರ್ಧವನ್ನಷ್ಟೇ ನೆನಪಿಟ್ಟುಕೊಂಡರು.

2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಎಂಬುವವರು 33,000ಕ್ಕೂ ಹೆಚ್ಚು ಜನರನ್ನು ಫೋನಿನಲ್ಲಿ ಆಗಾಗ "ಈಗ ಹೇಗನ್ನಿಸುತ್ತಿದೆ?" ಎಂದು ಕೇಳಿದರು. ಖುಷಿ ನಿಲ್ಲುವ ಜಾಗವೇ ಕಾಣಲಿಲ್ಲ. ಆಮೇಲೆ ಕಾನೆಮನ್ ಮತ್ತು ಕಿಲಿಂಗ್ಸ್‌ವರ್ತ್ ಜಗಳ ಆಡದೆ ಒಟ್ಟಿಗೆ ಕೂತು 2023ರಲ್ಲಿ ಹೊಸದಾಗಿ ಲೆಕ್ಕ ಹಾಕಿದರು. ತೀರಾ ದುಃಖದಲ್ಲಿರುವ ಒಂದು ಗುಂಪಿಗೆ ಒಂದು ಮಟ್ಟದ ಮೇಲೆ ದುಡ್ಡು ಕೈ ಹಿಡಿಯುವುದಿಲ್ಲ, ಉಳಿದವರಿಗೆ ಏರುತ್ತಲೇ ಹೋಗುತ್ತದೆ ಅಂತ ಬಂತು. ಸತ್ತ ಮಗನನ್ನು ನೆನೆಸಿಕೊಂಡು ಅಳುವವರಿಗೆ ಬೋನಸ್ ಕೊಟ್ಟರೆ ಏನಾದೀತು, ಅಲ್ವಾ? ಈ ಡಾಲರನ್ನು ರೂಪಾಯಿ ಮಾಡಿ ನಮ್ಮೂರಿಗೆ ಹಚ್ಚಬೇಡಿ. ಅಲ್ಲಿಯ ಬಾಡಿಗೆ ಬೇರೆ, ಇಲ್ಲಿಯ ರೊಟ್ಟಿ ಬೇರೆ.

## ಹೋಲಿಕೆ ಮತ್ತು ನ್ಯಾಯ

ನನ್ನ ಪಗಾರ ಕಡಿಮಿ ಏನಿಲ್ಲ. ಆದ್ರ ಬಾಜೂ ಟೇಬಲ್‌ನವಗ ಜಾಸ್ತಿ ಅಂತ ಗೊತ್ತಾದಾಗಿಂದ ನಿದ್ದಿ ಹತ್ತವಲ್ದು. ಇದು ಹೊಟ್ಟಿಕಿಚ್ಚೇನ್ರಿ?

ಸ್ವಲ್ಪ ಇರಬಹುದು. ಆದರೆ ಅದಕ್ಕೆ ನಾಚಿಕೆ ಪಡಬೇಕಿಲ್ಲ, ಮಂಗಗಳಿಗೂ ಇದೆ. 2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಕಪುಚಿನ್ ಎಂಬ ಮಂಗಗಳಿಗೆ ಒಂದು ಸಣ್ಣ ಕೆಲಸ ಕೊಟ್ಟರು. ಕೈಯಲ್ಲಿರುವ ಬಿಲ್ಲೆ ವಾಪಸ್ ಕೊಟ್ಟರೆ ಸೌತೆಕಾಯಿ ಹೋಳು. ಮಂಗಗಳು ಸಂತೋಷವಾಗಿ ಮಾಡುತ್ತಿದ್ದವು. ಅದೇ ಕೆಲಸಕ್ಕೆ ಬಾಜೂ ಪಂಜರದ ಮಂಗಕ್ಕೆ ದ್ರಾಕ್ಷಿ ಕೊಟ್ಟದ್ದು ಕಂಡ ಕೂಡಲೇ ಸೌತೆಕಾಯಿಯ ಮಂಗ ಮುನಿಸಿಕೊಂಡಿತು. ಕೆಲಸ ಮಾಡಲು ಒಲ್ಲೆ ಅಂದಿತು. ಸೌತೆಕಾಯಿ ಅದೇ, ರುಚಿ ಅದೇ.

ಮನುಷ್ಯರ ಮೇಲೆ ಆದ ಪರೀಕ್ಷೆಯೂ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಪಗಾರವನ್ನು ಯಾರು ಬೇಕಾದರೂ ನೋಡಬಹುದಿತ್ತು. ಕೆಲವರಿಗೆ ಮಾತ್ರ "ಇಲ್ಲಿ ನೋಡಬಹುದು" ಎಂದು ಸಂಶೋಧಕರು ತಿಳಿಸಿದರು. 2012ರಲ್ಲಿ ಬಂದ ಫಲಿತಾಂಶ ಹೀಗಿತ್ತು. ತಮ್ಮ ವಿಭಾಗದಲ್ಲಿ ನಡುಮಟ್ಟಕ್ಕಿಂತ ಕಡಿಮೆ ಪಡೆಯುವವರು ಬೇಸರಪಟ್ಟು ಬೇರೆ ಕೆಲಸ ಹುಡುಕತೊಡಗಿದರು. ಜಾಸ್ತಿ ಪಡೆಯುವವರ ಸುಖ ಏನೂ ಏರಲಿಲ್ಲ! ತಾರತಮ್ಯ ಕೆಳಗಿನವನಿಂದ ಕಿತ್ತುಕೊಂಡ ಸುಖ ಮೇಲಿನವನಿಗೂ ಸೇರುವುದಿಲ್ಲ. ನಡುವೆಯೇ ಸೋರಿ ಹೋಗುತ್ತದೆ.

ಹಂಗಾದ್ರ ಎಲ್ಲಾರಿಗೂ ಒಂದೇ ಪಗಾರ ಕೊಟ್ಟುಬಿಡ್ರಿ, ತಂಟೇನೇ ಇರಂಗಿಲ್ಲ!

ತಂಟೆ ಇರುತ್ತದೆ, ಬೇರೆ ತರದ್ದು ಇರುತ್ತದೆ. ಮೂವತ್ತು ವರ್ಷ ಮಷಿನ್ ನೋಡಿದ ಮಿಸ್ತ್ರಿಗೂ ನಿನ್ನೆ ಬಂದ ಹುಡುಗನಿಗೂ ಒಂದೇ ಕೊಟ್ಟರೆ ಮಿಸ್ತ್ರಿಗೆ ನೋವಾಗುತ್ತದೆ. ಜನ ಕೇಳುವುದು ಸಮ ಪಗಾರ ಅಲ್ಲ, ಸರಿಯಾದ ಪಗಾರ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಅಧ್ಯಯನ ಒಡಿಶಾದ್ದು. ಎಮಿಲಿ ಬ್ರೇಜಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ ಮಾಡಿದ್ದು, 2018ರಲ್ಲಿ ಪ್ರಕಟವಾಯಿತು. ಚಾಪೆ, ಹಗ್ಗ ಇಂಥವು ಮಾಡುವ ಸಣ್ಣ ಘಟಕಗಳಲ್ಲಿ ಕೂಲಿಯವರನ್ನು ಮೂರು ಮೂರು ಜನರ ಗುಂಪು ಮಾಡಿದರು. ಕೆಲವು ಗುಂಪಿಗೆ ಒಂದೇ ಕೂಲಿ. ಕೆಲವು ಗುಂಪಿನಲ್ಲಿ ಮೂವರಿಗೂ ಬೇರೆ ಬೇರೆ. ವ್ಯತ್ಯಾಸ ಜಾಸ್ತಿ ಏನೂ ಇರಲಿಲ್ಲ. ಆದರೂ ಕಡಿಮೆ ಪಡೆದವರ ಕೆಲಸ ಇಳಿಯಿತು. ಕೆಲವರು ಆ ದಿನದ ಕೂಲಿ ಹೋದರೂ ಚಿಂತೆ ಇಲ್ಲ ಅಂತ ಬರುವುದನ್ನೇ ಬಿಟ್ಟರು. ಬಡವರು, ಕೂಲಿ ಬಿಟ್ಟರು! ಗುಂಪಿನಲ್ಲಿ ಒಬ್ಬರಿಗೊಬ್ಬರು ಸಹಾಯ ಮಾಡುವುದೂ ಕೆಟ್ಟಿತು.

ಮುಖ್ಯ ಮಾತು ಮುಂದಿದೆ. ಯಾವ ಕೆಲಸದಲ್ಲಿ ಯಾರು ಎಷ್ಟು ಮಾಡಿದರು ಎಂದು ಕಣ್ಣಿಗೆ ಕಾಣುತ್ತಿತ್ತೋ ಅಲ್ಲಿ ಬೇರೆ ಬೇರೆ ಕೂಲಿಯಿಂದ ಏನೂ ಕೆಡಲಿಲ್ಲ. ಗಂಜ್‌ನ ಹಮಾಲರನ್ನು ನೋಡಿ. ಅವನು ನೂರು ಚೀಲ ಹೊತ್ತ, ಇವನು ಎಂಬತ್ತು ಹೊತ್ತ ಎಂದು ಎಲ್ಲರ ಕಣ್ಣೆದುರು ಇದ್ದಾಗ ಜಗಳ ಕಡಿಮೆ. ಆಫೀಸಿನಲ್ಲಿ ಯಾರು ಏನು ಹೊತ್ತರು ಅನ್ನುವುದು ಕಾಣುವುದಿಲ್ಲ. ಅಲ್ಲೇ ಗುಸುಗುಸು ಜಾಸ್ತಿ.

ಪಗಾರ ಗುಟ್ಟಾಗಿ ಇಟ್ರೆ ಸಮಸ್ಯೆ ಮುಗೀತು ಅಲ್ವಾ?

ಗುಟ್ಟು ಇರುತ್ತದೆ ಅಂತ ಮಾಲಕರು ತಿಳಿದಿರುತ್ತಾರೆ. ನಮ್ಮ ಮಿಲ್ಲಿನಲ್ಲಿ ನಾನು ಪುಸ್ತಕ ಕಪಾಟಿನಲ್ಲಿಟ್ಟು ಕೀಲಿ ಹಾಕುವುದರೊಳಗೆ ಅಂಕಿ ಕ್ಯಾಂಟೀನ್ ಮುಟ್ಟಿರುತ್ತಿತ್ತು, ಅದೂ ತಪ್ಪು ಅಂಕಿ.

ನಾವು ಹತ್ತಿ ಬಿಡಿಸ್ತೀವಿ, ಕಳೆ ತೆಗೀತೀವಿ. ಗಂಡಾಳಿಗೆ ಜಾಸ್ತಿ, ನಮಗ ಕಡಿಮಿ. "ನಿಮ್ದು ಹಗುರ ಕೆಲ್ಸ" ಅಂತಾರ. ಇದಕ್ಕ ಏನಂತೀರಿ?

ಸುರಪುರದ ಕಡೆಯ ಒಬ್ಬ ಅಕ್ಕ ಕೇಳಿದ್ದು. ದಿನವಿಡೀ ಬಗ್ಗಿ ನಿಂತು ಮಾಡುವ ಕೆಲಸ ಹಗುರ ಅನ್ನುವವರು ಒಂದು ಸಾಲು ಕಳೆ ತೆಗೆದು ತೋರಿಸಲಿ. ಹತ್ತಿ ಬಿಡಿಸಲು ಕಿಲೋ ಲೆಕ್ಕದಲ್ಲಿ ಕೊಟ್ಟಾಗ ತೂಕದ ಕಲ್ಲು ಗಂಡು ಹೆಣ್ಣು ನೋಡುವುದಿಲ್ಲ. ದಿನದ ಲೆಕ್ಕಕ್ಕೆ ಬಂದ ಕೂಡಲೇ ಎರಡು ದರ ಬರುತ್ತವೆ.

ಕಾನೂನು ಹೊಸದೇನಲ್ಲ. 1976ರ ಸಮಾನ ವೇತನ ಕಾಯ್ದೆ ಇದನ್ನು ತಪ್ಪು ಅಂದಿತು. 2019ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಹೊಲದಲ್ಲಿ ಕಾಯ್ದೆಯ ಪುಸ್ತಕ ಯಾರೂ ತೆಗೆಯಲಿಲ್ಲ, ಅಷ್ಟೇ. ನಮ್ಮ ಕಡೆ ಹೆಣ್ಣುಮಕ್ಕಳು ಒಂದೇ ಕೂಲಿಯನ್ನು ಕಣ್ಣಾರೆ ಕಂಡದ್ದು ಉದ್ಯೋಗ ಖಾತ್ರಿಯಲ್ಲಿ. 2006ರಲ್ಲಿ ಮೊದಲ ಸುತ್ತಿನಲ್ಲೇ ಅದು ಬೀದರ ಮತ್ತು ಗುಲಬರ್ಗಾ ಜಿಲ್ಲೆಗಳಿಗೆ ಬಂತು. ಯಾದಗಿರಿ ಆಗ ಗುಲಬರ್ಗಾದೊಳಗೇ ಇತ್ತು. 2024-25ರಲ್ಲಿ ಕರ್ನಾಟಕದ ದರ 349 ರೂಪಾಯಿ, ಮರುವರ್ಷ 370. ಗಂಡಿಗೂ ಅದೇ, ಹೆಣ್ಣಿಗೂ ಅದೇ.

ಆ ಅಕ್ಕ ಇನ್ನೊಂದು ಮಾತು ಹೇಳಿದರು. "ರೊಕ್ಕ ನನ್ನ ಖಾತೆಕ್ಕ ಬಂದಾಗ ಮನ್ಯಾಗ ನನ್ನ ಮಾತು ಕೇಳಾಕ ಚಾಲೂ ಮಾಡಿದ್ರು." ಪಗಾರದಿಂದ ಬರುವ ಸುಖದಲ್ಲಿ ಇಂಥದ್ದೂ ಸೇರಿದೆ. ಅದನ್ನು ಏಣಿಯ ಮೆಟ್ಟಿಲಿನಲ್ಲಿ ಹೇಗೆ ಅಳೆಯಬೇಕೋ ನಾ ಕಾಣೆ.

## ಪಗಾರ ಕೈಗೆ ಬರುವ ರೀತಿ

ಪಗಾರ ಸರೀನ ಅದ, ಆದ್ರ ಹೊತ್ತಿಗೆ ಬರಂಗಿಲ್ಲ. ಹೆಂಗಾದ್ರೂ ಬರೋದು ಬರ್ತದಲ್ಲ, ಯಾಕ ತಲಿ ಕೆಡಿಸ್ಕೋಬೇಕು ಅಂತಾರ ಸಾವ್ಕಾರ್ರು.

ಸಾವ್ಕಾರರ ಹಾಲಿನವನು, ಕಿರಾಣಿಯವನು, ಸಂಘದ ಕಂತಿನವನು ಇವರೆಲ್ಲ ಹೊತ್ತಿಗೆ ಬರುತ್ತಾರಾ ಕೇಳಿ! ಸಾವಿರಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಾರ್ಖಾನೆಯಲ್ಲಿ ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಎಂದು 1936ರ ಕಾಯ್ದೆಯೇ ಹೇಳಿತ್ತು. ಬೀದರದ ಕಬ್ಬಿನವರಿಗೂ ಇಂಥದೇ ಒಂದು ಗಡುವು ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು. ಎಷ್ಟು ಸಲ ಬಂದಿದೆ ಅಂತ ಭಾಲ್ಕಿಯ ರೈತರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ತಡ ಆದರೆ ತಲೆಗೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾರೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ ಒಮ್ಮೆ ಪರೀಕ್ಷೆ ಮಾಡಿದರು. ಕಟಾವಾಗಿ ದುಡ್ಡು ಬಂದ ಮೇಲೆ ಇನ್ನೊಮ್ಮೆ. 2013ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ರೈತ, ಅದೇ ತಲೆ, ಆದರೆ ಕೈ ಖಾಲಿ ಇದ್ದಾಗ ಲೆಕ್ಕ ಬಿಡಿಸುವುದು ಕಷ್ಟವಾಯಿತು. ಚಿಂತೆಯೇ ತಲೆಯೊಳಗಿನ ಜಾಗ ಹಿಡಿದು ಕೂತಿರುತ್ತದೆ.

ಒಡಿಶಾದಲ್ಲೇ ಊಟದ ಎಲೆ ಹೆಣೆಯುವವರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ದರ ಏರಿಸಲಿಲ್ಲ. ಬರಬೇಕಾದ ಕೂಲಿಯ ಒಂದು ಪಾಲನ್ನು ಕೆಲವರಿಗೆ ಸ್ವಲ್ಪ ದಿನ ಮೊದಲೇ ಕೊಟ್ಟರು. ಅವರು ಸಾಲ ತೀರಿಸಿದರು, ಮನೆಗೆ ದಿನಸಿ ತಂದರು. ಆಮೇಲೆ ಜಾಸ್ತಿ ಎಲೆ ಹೆಣೆದರು, ತಪ್ಪೂ ಕಡಿಮೆಯಾಯಿತು. ತೀರಾ ಬಡವರಲ್ಲಿ ಈ ಬದಲಾವಣೆ ಜಾಸ್ತಿ ಕಂಡಿತು.

ನಾನೂ ಈ ಪಾಪದಲ್ಲಿ ಪಾಲುದಾರ. "ಶನಿವಾರ ಬ್ಯಾಂಕ್ ಬಂದ್ ಇತ್ತು, ಮಂಗಳವಾರ ಬರ್ರಿ" ಎಂದು ಎಷ್ಟೋ ಸಲ ಹೇಳಿದ್ದೇನೆ. ಬ್ಯಾಂಕ್ ತೆರೆದೇ ಇರುತ್ತಿತ್ತು. ಹಾಗೆ ಹೇಳು ಅಂತ ಮೇಲಿನಿಂದ ಹೇಳಿಸಿದ್ದರು.

ಪಗಾರ ಏರಿದ್ರೂ ಎಲ್ಲಾ ಸಾಲಕ್ಕೇ ಹೋಗ್ತದ. ಇದ್ರಾಗ ಸುಖ ಎಲ್ಲಿಂದ ಬರಬೇಕು?

ಸಿಂಗಾಪುರದಲ್ಲಿ ಬಡ ಕುಟುಂಬಗಳ ಬಾಕಿ ತೀರಿಸುವ ಒಂದು ಯೋಜನೆ ನಡೆಯಿತು. 2019ರಲ್ಲಿ ಅದರ ಅಧ್ಯಯನ ಬಂತು. ಒಟ್ಟು ಎಷ್ಟು ದುಡ್ಡಿನ ಸಾಲ ತೀರಿತು ಅನ್ನುವುದಕ್ಕಿಂತ ಎಷ್ಟು ಸಾಲದ ಖಾತೆ ಮುಚ್ಚಿದವು ಅನ್ನುವುದರಿಂದ ಮನಸ್ಸು ಜಾಸ್ತಿ ಹಗುರವಾಯಿತು. ಐದು ಕಡೆ ಸಾಲ ಇದ್ದವನ ಮನೆ ಬಾಗಿಲನ್ನು ಐದು ಜನ ಬಡಿಯುತ್ತಾರೆ. ಬಡ್ಡಿ ಲೆಕ್ಕ ನೋಡಿದರೆ ದೊಡ್ಡ ಬಡ್ಡಿಯ ಸಾಲ ಮೊದಲು ತೀರಿಸಬೇಕು, ಅದು ಸರಿ. ಆದರೆ ಎರಡು ಚಿಲ್ಲರೆ ಸಾಲ ಮುಚ್ಚಿದರೆ ರಾತ್ರಿ ನಿದ್ದೆ ಬರುತ್ತದೆ ಅಂದರೆ ನಾನು ತಪ್ಪು ಅನ್ನುವುದಿಲ್ಲ.

## ಊರು ಬಿಡುವುದು, ನೌಕರಿ ಹಿಡಿಯುವುದು

ಬೆಂಗಳೂರಾಗ ಎರಡರಷ್ಟು ಪಗಾರ ಸಿಗ್ತದ. ಹೋಗ್ಲೇನ್ರಿ ಕಾಕಾ?

ಮೊದಲು ಕೈಯಲ್ಲಿ ಏನು ಉಳಿಯುತ್ತದೆ ಅಂತ ಲೆಕ್ಕ ಹಾಕು. ಬಾಡಿಗೆ, ಖಾನಾವಳಿ, ಹಬ್ಬಕ್ಕೆ ಊರಿಗೆ ಬರುವ ಖರ್ಚು ತೆಗೆದು ನೋಡು. ಎರಡರಷ್ಟು ಅನ್ನುವುದು ಒಂದೂ ಕಾಲು ಆದೀತು. ಒಂದೊಂದು ಸಲ ಅಷ್ಟೂ ಆಗದು.

ಎರಡನೆಯದು ದಾರಿಯ ಲೆಕ್ಕ. ಟೆಕ್ಸಾಸಿನ 909 ಕೆಲಸದ ಹೆಂಗಸರನ್ನು ದಿನದ ಒಂದೊಂದು ಹೊತ್ತು ಹೇಗಿತ್ತು ಎಂದು ಕೇಳಿದ್ದರು. 2004ರ ಈ ಅಧ್ಯಯನದಲ್ಲಿ ತಳಕ್ಕೆ ಬಿದ್ದದ್ದು ಮುಂಜಾನೆ ಕೆಲಸಕ್ಕೆ ಹೋಗುವ ಹೊತ್ತು. ಬೆಂಗಳೂರಿನ ಟ್ರಾಫಿಕ್ ಅವರು ನೋಡಿರಲಿಲ್ಲ.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಹೋದ ಮೇಲೆ ನೀನು ಹೋಲಿಸಿಕೊಳ್ಳುವ ಜನ ಬದಲಾಗುತ್ತಾರೆ. ಇಲ್ಲಿ ಬೈಕ್ ಇದ್ದರೆ ದೊಡ್ಡ ಮನುಷ್ಯ, ಅಲ್ಲಿ ಕಾರ್ ಇಲ್ಲದ್ದು ಕೊರಗು. ಎಳ್ಳಮಾವಾಸ್ಯೆಗೆ ರಜೆ ಸಿಗದೆ, ಹೊಲದಲ್ಲಿ ಎಲ್ಲರೂ ಭಜ್ಜಿ ರೊಟ್ಟಿ ಉಣ್ಣುವ ಫೋಟೋ ನೋಡಿ ರೂಮಿನಲ್ಲಿ ಅತ್ತ ಹುಡುಗರು ನನಗೆ ಗೊತ್ತು. ಹಾಗಂತ ಹೋಗಬೇಡ ಅನ್ನಲಾರೆ. ಇಲ್ಲಿ ಕೆಲಸವೇ ಇಲ್ಲದೆ ಕೂತರೆ ಭಜ್ಜಿಯೂ ರುಚಿಸುವುದಿಲ್ಲ. ಗುಳೆ ಹೋಗುವವರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವುದು ಸುಖ ಹುಡುಕಲು ಅಲ್ಲ, ಕಷ್ಟ ಇಳಿಸಲು.

ಖಾಸಗಿಯಲ್ಲಿ ಜಾಸ್ತಿ ಪಗಾರ ಕೊಟ್ಟರೂ ನಮ್ಮ ಹುಡುಗರು ಸರ್ಕಾರಿ ನೌಕರಿಗೇ ಯಾಕೆ ಕಾಯುತ್ತಾರೆ?

ಅವರು ದಡ್ಡರಲ್ಲ. ಬ್ರಿಟನ್ನಿನ ಅಂಕಿ ಹಿಡಿದು ಆಂಡ್ರ್ಯೂ ಕ್ಲಾರ್ಕ್ ಮತ್ತು ಆಂಡ್ರ್ಯೂ ಓಸ್ವಾಲ್ಡ್ 1994ರಲ್ಲೇ ತೋರಿಸಿದರು, ಕೆಲಸ ಇಲ್ಲದವರ ಮನಸ್ಸಿನ ಸ್ಥಿತಿ ಕೆಲಸ ಇರುವವರಿಗಿಂತ ಬಹಳ ಕೆಟ್ಟಿರುತ್ತದೆ ಎಂದು. ಪಗಾರ ಹೋದದ್ದೊಂದೇ ಅದಕ್ಕೆ ಕಾರಣ ಅಲ್ಲ. "ಏನ್ ಮಾಡ್ತೀಯಪಾ?" ಅಂತ ಯಾರಾದರೂ ಕೇಳಿದಾಗ ಹೇಳಲು ಮಾತಿರುವುದಿಲ್ಲ. ಕೆಲಸ ಹೋಗುವ ಭಯ ಇಲ್ಲದಿರುವುದೂ ಒಂದು ಪಗಾರವೇ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದವರಿಗೆ ಹುದ್ದೆಯಲ್ಲಿ ಮೀಸಲಾತಿಯೂ ಇದೆ, ಆಸೆ ಇನ್ನಷ್ಟು ಗಟ್ಟಿಯಾಗಿದೆ. ನನಗೆ ಚಿಂತೆ ಒಂದೇ. ಪರೀಕ್ಷೆಗೆ ಕಾಯುತ್ತಾ ಮೂವತ್ತು ದಾಟಿದವರ ಆ ವರ್ಷಗಳ ಸುಖದ ಲೆಕ್ಕ ಯಾರೂ ಬರೆಯುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಪಗಾರ ಏರಿದ ಖುಷಿ ಎಷ್ಟು ದಿನ ಇರುತ್ತದೆ? ಆಮೇಲೆ ರೂಢಿ ಆಗಲ್ವಾ?

ಒಂದಿಷ್ಟು ರೂಢಿಯಾಗುತ್ತದೆ. 1978ರಲ್ಲಿ ಲಾಟರಿ ಗೆದ್ದ 22 ಜನರನ್ನು ನೋಡಿ, ಅವರು ಉಳಿದವರಿಗಿಂತ ಸುಖಿಗಳೇನಲ್ಲ ಅಂದರು. ಇಪ್ಪತ್ತೆರಡು ಜನರ ಮಾತು ಜಗತ್ತೆಲ್ಲ ಸುತ್ತಿತು. 2020ರಲ್ಲಿ ಸ್ವೀಡನ್ನಿನ ಸಾವಿರಾರು ಲಾಟರಿ ವಿಜೇತರನ್ನು ವರ್ಷಗಟ್ಟಲೆ ಆದ ಮೇಲೆ ಕೇಳಿದಾಗ ಬದುಕಿನ ತೃಪ್ತಿ ಏರಿದ್ದು ಹಾಗೇ ಉಳಿದಿತ್ತು. ಹೊಸ ಫೋನಿನ ಖುಷಿ ಬೇಗ ಹಳಸುತ್ತದೆ. ಬಾಡಿಗೆಗೆ ಹೆದರದೆ ಮಲಗುವ ಖುಷಿ ಅಷ್ಟು ಬೇಗ ಹಳಸುವುದಿಲ್ಲ.

ಎಲ್ಲರ ಪಗಾರವೂ ಒಟ್ಟಿಗೆ ಏರಿದರೆ ದೇಶವೇ ಸುಖವಾಗುತ್ತದಾ?

ಇದೇ ರಿಚರ್ಡ್ ಈಸ್ಟರ್‌ಲಿನ್ 1974ರಲ್ಲಿ ಎತ್ತಿದ ಒಗಟು. ಅಮೆರಿಕದ ಒಳಗೆ ಶ್ರೀಮಂತರು ಬಡವರಿಗಿಂತ ಸುಖಿಗಳು. ಆದರೆ ಎರಡನೇ ಮಹಾಯುದ್ಧದ ನಂತರ ಅಮೆರಿಕವೇ ಶ್ರೀಮಂತವಾದಾಗ ಸುಖದ ಗೆರೆ ಅದರ ಜೊತೆ ಮೇಲೇರಲಿಲ್ಲ. ಎಲ್ಲರೂ ತುದಿಗಾಲಲ್ಲಿ ನಿಂತರೆ ಜಾತ್ರೆಯ ತೇರು ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ. ಈ ಮಾತನ್ನು ಒಪ್ಪದ ಅರ್ಥಶಾಸ್ತ್ರಜ್ಞರು ಇದ್ದಾರೆ, ವಾದ ಇನ್ನೂ ನಡೆದಿದೆ. ನನ್ನ ಅಭಿಪ್ರಾಯ ಕೇಳಿದರೆ, ಆಸ್ಪತ್ರೆ, ಶಾಲೆ, ನೀರು ಇನ್ನೂ ಸರಿಯಾಗಿ ಮುಟ್ಟದ ನಮ್ಮಂಥ ಜಿಲ್ಲೆಗಳಿಗೆ ಈ ಒಗಟು ಬಹಳ ದೂರದ್ದು.

ಸುಖವಾಗಿ ಇರೋರಿಗೇ ಜಾಸ್ತಿ ಪಗಾರ ಸಿಗ್ತದ ಅಂತ ಯಾಕ ಅನಬಾರದು? ನೀವು ಉಲ್ಟಾ ಹೇಳಾಕತ್ತೀರಿ.

ಸೇಡಂನ ಕಾಲೇಜು ಹುಡುಗಿ ಕೇಳಿದ್ದು. ಇಡೀ ಪಟ್ಟಿಯಲ್ಲಿ ಗಟ್ಟಿ ಪ್ರಶ್ನೆ ಇದು. ಅದೂ ನಿಜವೇ. 2012ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಒಡಹುಟ್ಟಿದವರನ್ನೇ ಹೋಲಿಸಿ ನೋಡಿದರು. ಹರೆಯದಲ್ಲಿ ನಗುನಗುತ್ತಾ ಇದ್ದವರು ಮುಂದೆ ಜಾಸ್ತಿ ಗಳಿಸಿದ್ದರು. ಅದಕ್ಕೇ ಲಾಟರಿ, ಕಾನೂನು ಇಂಥ ಹೊರಗಿನಿಂದ ಬಂದ ಬದಲಾವಣೆ ಹುಡುಕುವುದು. ಬ್ರಿಟನ್ನಿನಲ್ಲಿ 1999ರಲ್ಲಿ ಕನಿಷ್ಠ ವೇತನ ಬಂತು. ನಿನ್ನೆಯ ಮನುಷ್ಯರೇ, ಸ್ವಭಾವ ಅದೇ, ಪಗಾರ ಮಾತ್ರ ಕಾನೂನಿನಿಂದ ಏರಿತು. ಅಂಥವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆಯಾಯಿತು ಎಂದು 2017ರ ಒಂದು ಅಧ್ಯಯನ ಹೇಳಿತು. ಅಂದರೆ ದಾರಿ ಎರಡೂ ಕಡೆಗೆ ಇದೆ.

ನಾನೇ ಮಾಲಕ. ಜಾಸ್ತಿ ಕೊಟ್ಟರೆ ಮಿಲ್ ಮುಚ್ಚಬೇಕಾಗುತ್ತದೆ. ನನ್ನ ಸುಖದ ಕಥೆ ಏನು?

ನಿಮ್ಮ ಕಷ್ಟ ನಾನು ನೋಡಿದ್ದೇನೆ. ತೊಗರಿ ದರ ಏರಿಳಿದಾಗ ಮಿಲ್ಲಿನವರ ಮುಖ ಹೇಗಿರುತ್ತದೆ ಅಂತ ಗೊತ್ತು. ಆದರೆ ಬಿಟ್ಟು ಹೋದವರ ಖರ್ಚನ್ನು ನೀವು ಬರೆದಿಟ್ಟಿದ್ದೀರಾ? ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ದಿನಗೂಲಿಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ 5 ಡಾಲರ್‌ಗೆ ಏರಿಸಿದ್ದು ಧರ್ಮಕ್ಕಲ್ಲ. ಜನ ನಿಲ್ಲುತ್ತಿರಲಿಲ್ಲ. ಸುಮಾರು 14,000 ಜಾಗ ತುಂಬಿಡಲು ಒಂದು ವರ್ಷದಲ್ಲಿ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಗಿತ್ತು. ಕೂಲಿ ಏರಿದ ಮೇಲೆ ಬಿಟ್ಟು ಹೋಗುವುದು ಬಹಳ ಕಡಿಮೆಯಾಯಿತು. ಅವನು ಜೊತೆಗೆ ಕೆಲಸಗಾರರ ಮನೆ ಮನೆಗೆ ಜನ ಕಳಿಸಿ ನಡತೆ ವಿಚಾರಿಸುತ್ತಿದ್ದ. ಅದನ್ನು ನೀವು ಮಾಡಬೇಡಿ.

ದರ ಏರಿಸಲು ಆಗದ ವರ್ಷ ತಾರೀಖು ತಪ್ಪಿಸಬೇಡಿ. ಕಡಿತ ಮಾಡಿದರೆ ಚೀಟಿಯಲ್ಲಿ ಬರೆದು ಕೊಡಿ. ಯಾರಿಗೆ ಜಾಸ್ತಿ, ಯಾಕೆ ಜಾಸ್ತಿ ಅಂತ ಎಲ್ಲರ ಮುಂದೆ ಹೇಳುವಷ್ಟು ಕಾರಣ ಇಟ್ಟುಕೊಳ್ಳಿ. ಹೇಳಲು ನಾಚಿಕೆಯಾದರೆ ಆ ಕಾರಣ ಸರಿ ಇಲ್ಲ.

ಎಲ್ಲಾ ಸರಿ, ನಿಮಗ ಎಷ್ಟಿತ್ತು ಪಗಾರ? ನೀವು ಸುಖದಾಗಿದ್ರೇನು?

ಮಿಲ್ಲಿನಲ್ಲಿ ಎಲ್ಲರ ಪಗಾರ ಸರಿಯಾಗಿ ಗೊತ್ತಿದ್ದ ನೌಕರ ನಾನೊಬ್ಬನೇ. ಹೀಗಾಗಿ ಹೊಟ್ಟೆ ಉರಿದುಕೊಳ್ಳಲು ನನಗೆ ಸಿಕ್ಕಷ್ಟು ಅವಕಾಶ ಇನ್ಯಾರಿಗೂ ಸಿಗಲಿಲ್ಲ. ಒಂದು ವರ್ಷ ಸಾವ್ಕಾರರ ಡ್ರೈವರ್‌ಗೆ ನನಗಿಂತ 600 ರೂಪಾಯಿ ಜಾಸ್ತಿ ಬರೆಯಬೇಕಾಯಿತು. ನಾನು ಬಿಕಾಂ, ಅವನು ಏಳನೇ ಕ್ಲಾಸ್. ಆರು ತಿಂಗಳು ಅವನ ಹೆಸರು ಬರೆಯುವಾಗ ಪೆನ್ನು ಒತ್ತಿ ಒತ್ತಿ ಬರೆದೆ. ಹಿಂದಿನ ಹಾಳೆಯಲ್ಲೂ ಅಚ್ಚು ಮೂಡುತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ. ಸಾವ್ಕಾರರು ಬೈಯಲಿಲ್ಲ. ಅವರ ತಾಯಿಗೆ ಡಯಾಲಿಸಿಸ್ ನಡೆದಿತ್ತು. ವಾರಕ್ಕೆ ಎರಡು ಸಲ ನಸುಕಿನ ನಾಲ್ಕಕ್ಕೆ ಎದ್ದು, ಮುದುಕಿಯನ್ನು ಎತ್ತಿಕೊಂಡು ಕಾರಿನಲ್ಲಿ ಕೂರಿಸಿ ಸೊಲ್ಲಾಪುರಕ್ಕೆ ಒಯ್ಯುತ್ತಿದ್ದವನು ಆ ಡ್ರೈವರ್. ಮಿಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನನ್ನ ಪಗಾರ ಆ ವರ್ಷ ಏರಲಿಲ್ಲ. ಆದರೆ ಪೆನ್ನು ಒತ್ತುವುದು ನಿಂತಿತು. ಅವನು ಈಗಲೂ ಗಂಜ್‌ನಲ್ಲಿ ಸಿಗುತ್ತಾನೆ. ಚಹಾದ ಬಿಲ್ ತಾನೇ ಕೊಡುತ್ತೇನೆ ಅನ್ನುತ್ತಾನೆ. ನಾನು ಬೇಡ ಅನ್ನುವುದಿಲ್ಲ.